‘ಪ್ರಿಂಟ್ ಶಾಪ್’ ಪ್ರೋಗ್ರಾಂನಲ್ಲಿ ಬರೆದ ‘ಅ’ ಉದ್ದಕ್ಕೆ ಎಳೆದ ಹಾಗೆ ಪ್ರಿಂಟ್ ಆಗುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಆಪಲ್ 2ಇ ಕಂಪ್ಯೂಟರ್ ಮೇಲೆ ಬ್ರೋಡರ್‌ಬಂಡ್‌ನವರ ‘ದಿ ಪ್ರಿಂಟ್ ಶಾಪ್’ (ಸೈನ್, ಕಾರ್ಡ್ ಮಾಡುವ ಪ್ರೋಗ್ರಾಂ) ಚೆನ್ನಾಗಿಯೇ ಓಡುತ್ತಿದೆ, 1984ರ ಮೊದಲ ಆವೃತ್ತಿ. ಮಗಳ ಅಕ್ಷರಾಭ್ಯಾಸಕ್ಕೆ ಬಾಗಿಲಿಗೆ ಅಂಟಿಸಲು ಒಂದು ಸೈನ್ ಮಾಡಬೇಕು. ಅದರಲ್ಲಿ ಕನ್ನಡ ಇಲ್ಲ, ಅದಕ್ಕೆ ಗ್ರಾಫಿಕ್ ಎಡಿಟರ್‌ನಲ್ಲಿ ಒಂದೊಂದೇ ಚುಕ್ಕಿ ಇಟ್ಟು ‘ಅ’ ಬರೆದೆ. ಪ್ರಿಂಟ್ ತೆಗೆದರೆ ಅಕ್ಷರ ಮೊಟ್ಟೆ ಥರ ಉದ್ದ ಬರುತ್ತದೆ. ಪ್ರಿಂಟರ್ ಸೆಕೆಂಡ್ ಹ್ಯಾಂಡ್ ಡಾಟ್ ಮ್ಯಾಟ್ರಿಕ್ಸ್, ಅಂದರೆ ಸಣ್ಣ ಪಿನ್‌ಗಳಿಂದ ಚುಕ್ಕಿ ಹೊಡೆಯುವಂಥದ್ದು. ಸೆಟಪ್‌ನಲ್ಲಿ ಎಪ್ಸನ್ ಆರಿಸಿದ್ದೇನೆ. ಪ್ರಿಂಟರ್‌ನ ಆಟೋ ಲೈನ್ ಫೀಡ್ (ಕಾಗದವನ್ನು ತಾನಾಗಿ ಮುಂದಿನ ಸಾಲಿಗೆ ಸರಿಸುವ) ಸ್ವಿಚ್ ಆನ್ ಮಾಡಿದರೆ ನಡುನಡುವೆ ಬಿಳಿ ಪಟ್ಟಿ ಬರುತ್ತದೆ. ಆಫ್ ಮಾಡಿದರೆ ಪಟ್ಟಿ ಹೋಗುತ್ತದೆ, ಮೊಟ್ಟೆ ಹಾಗೇ ಇರುತ್ತದೆ.

ಉತ್ತರ:
ಸ್ವಿಚ್ ಆಫ್‌ನಲ್ಲೇ ಇರಲಿ ಸರ್, ಅದು ಸರಿಯಾಗಿದೆ. ನಿಮ್ಮ ಪ್ರಿಂಟರ್ ಹೆಡ್ 9 ಪಿನ್ನೋ 24 ಪಿನ್ನೋ? ತೆರೆಯ ಮೇಲೆ ದುಂಡಗೆ ಕಾಣೋ ಒಂದು ವೃತ್ತ ಪ್ರಿಂಟ್ ಮಾಡಿ, ಸ್ಕೇಲ್ ಇಟ್ಟು ಅಳೆದು ಹೇಳಿ.

ಪ್ರಶ್ನೆ ಕೇಳಿದವರು:
24 ಪಿನ್. ವೃತ್ತದ ಅಗಲ 60 ಮಿ.ಮೀ., ಎತ್ತರ 72.

ಉತ್ತರ:
ಹಾಗಾದರೆ ಗೊತ್ತಾಯಿತು. ಡೇವಿಡ್ ಬಾಲ್ಸಮ್, ಮಾರ್ಟಿನ್ ಕಾನ್ ಈ ಪ್ರೋಗ್ರಾಂ ಮಾಡಿದಾಗ ಲೆಕ್ಕ ಹಾಕಿದ್ದು 9 ಪಿನ್ ಪ್ರಿಂಟರ್‌ಗೆ. ಅದರಲ್ಲಿ ಪಿನ್‌ನಿಂದ ಪಿನ್‌ಗೆ ಇಂಚಿನ 72ನೇ ಒಂದು ಭಾಗ ಅಂತರ. 24 ಪಿನ್ ಹೆಡ್‌ಗೆ ಒಂದು ಸಲಕ್ಕೆ ಎಂಟು ಚುಕ್ಕಿ ಹೊಡೆಸುವ ಅದೇ ಹಳೆಯ ಕೋಡ್ ಕಳಿಸಿದರೆ ಅದು ಮೂರಕ್ಕೊಂದು ಪಿನ್ ಹೊಡೆಯುತ್ತದೆ. ಆಗ ಅಂತರ 60ನೇ ಒಂದು ಭಾಗ. ಸಾಲಿನ ಅಂತರದ ಕೋಡ್ ಕೂಡ ಅದೇ ಅಳತೆಗೆ ಹಿಗ್ಗುತ್ತದೆ. ಅದಕ್ಕೇ ಬಿಳಿ ಗೆರೆ ಇಲ್ಲ, ಎತ್ತರ ಮಾತ್ರ ಜಾಸ್ತಿ. 72ನ್ನು 60ರಿಂದ ಭಾಗಿಸಿ, 1.2 ಬರುತ್ತದೆ. ನಿಮ್ಮ ಸ್ಕೇಲ್ ಹೇಳಿದ್ದೂ ಅದೇ ಅಲ್ವಾ?

ಲೈನ್ ಸ್ಪೇಸಿಂಗ್ ಕಡಿಮೆ ಮಾಡಲು ಹೋಗಬೇಡಿ, ಸಾಲುಗಳು ಒಂದರ ಮೇಲೊಂದು ಕೂರುತ್ತವೆ. 9 ಪಿನ್ ಪ್ರಿಂಟರ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಅಕ್ಷರವನ್ನೇ ಕುಳ್ಳಗೆ ಬರೆಯಿರಿ. ಎಡಿಟರ್‌ನಲ್ಲಿ ಅಗಲಕ್ಕೆ 88, ಎತ್ತರಕ್ಕೆ 52 ಚುಕ್ಕಿ ಜಾಗ ಇದೆ. ಈಗ 48 ಸಾಲು ಎತ್ತರ ಇದ್ದರೆ 40ಕ್ಕೆ ಇಳಿಸಿ. ಸುಮ್ನೆ ಆರಕ್ಕೊಂದು ಸಾಲು ಅಳಿಸಿದರೆ ತೆಳ್ಳಗಿನ ಗೆರೆ ತುಂಡಾಗುತ್ತದೆ, ಹೊಸದಾಗಿ ಬರೆಯುವುದೇ ವಾಸಿ. ‘ಅ’ದ ಒಳಗಿನ ಸುರುಳಿಯಲ್ಲಿ ಎರಡು ಚುಕ್ಕಿಯಾದರೂ ಖಾಲಿ ಬಿಡಿ. ರಿಬ್ಬನ್ ಹೊಸದಾದರೆ ಇಂಕ್ ಹರಡಿ ಮುಚ್ಚಿಹೋಗುತ್ತದೆ. ಕನ್ನಡದ ದುಂಡು ಅಕ್ಷರಕ್ಕೆ ಇಷ್ಟು ಕಷ್ಟಪಡುತ್ತಿದ್ದೀರಲ್ಲ, ನೋಡಿ ತುಂಬಾ ಖುಷಿಯಾಯಿತು.

ಪ್ರಶ್ನೆ ಕೇಳಿದವರು:
40 ಸಾಲಿನಲ್ಲಿ ಮತ್ತೆ ಬರೆದೆ. ತೆರೆಯ ಮೇಲೆ ಚಪ್ಪಟೆ ಕಾಣುತ್ತದೆ, ಕಾಗದದ ಮೇಲೆ ದುಂಡಗೆ ಬಂತು. ಸುರುಳಿಯೂ ಬಿಡಿಸಿಕೊಂಡಿದೆ. ತುಂಬಾ ಥ್ಯಾಂಕ್ಸ್ ಸರ್. ಇನ್ನು ‘ಆ’ ಶುರು ಮಾಡುತ್ತೇನೆ.