ಆರು ದಿನದಿಂದ ಏನೂ ತಿಂದಿಲ್ಲ: ಕಡಲ ಮೀನಿಗೆ ಮತ್ತೆ ಊಟ ಹಿಡಿಸಿದ ಅನುಭವಗಳು

ಮೈಸೂರಿನಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನನ್ನದು 4 ಅಡಿಯ ಉಪ್ಪುನೀರಿನ ಟ್ಯಾಂಕ್, ಸುಮಾರು 300 ಲೀಟರ್. ಇಟ್ಟು ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್ ಇವೆ, ಮೂರೂ ಚೆನ್ನಾಗಿ ತಿನ್ನುತ್ತವೆ. ಕಳೆದ ಭಾನುವಾರ ಬೆಂಗಳೂರಿನಿಂದ ಒಂದು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ತಂದೆ. ಉದ್ದ ಮೂತಿ, ಬಿಳಿ ಮೈ ಮೇಲೆ ಕಿತ್ತಳೆ ಪಟ್ಟೆ. ಮಗಳು ಅಂಗಡಿಯಲ್ಲೇ ಅದರ ಮುಂದೆ ನಿಂತುಬಿಟ್ಟಿದ್ದಳು.

ಇವತ್ತಿಗೆ ಆರು ದಿನ, ಒಂದು ಚೂರೂ ತಿಂದಿಲ್ಲ. ಪೆಲೆಟ್ (ಒಣ ಉಂಡೆ) ಹಾಕಿದರೆ ಹತ್ತಿರ ಬರುತ್ತದೆ, ನೋಡುತ್ತದೆ, ತಿರುಗಿ ಬಂಡೆ ಹಿಂದೆ ಹೋಗುತ್ತದೆ. ಫ್ರೋಜನ್ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿ) ಕೊಟ್ಟರೂ ಅಷ್ಟೇ. ನಿನ್ನೆಯಿಂದ ಹೊಟ್ಟೆ ಒಳಗೆ ಹೋದ ಹಾಗೆ ಕಾಣುತ್ತಿದೆ. ಸಾಂದ್ರತೆ 1.025, ಶಾಖ 26 ಡಿಗ್ರಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 10. ಏನು ಮಾಡಲಿ? ಅಂಗಡಿಯವರು "ಹಸಿವಾದಾಗ ತಾನೇ ತಿನ್ನುತ್ತೆ ಬಿಡಿ" ಅಂದರು. ನನಗೆ ನಂಬಿಕೆ ಬರುತ್ತಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಮಂಗಳೂರಿನಿಂದ

ಸರ್, ನಿಮಗೆ ಅನ್ನಿಸಿದ್ದೇ ಸರಿ. ಈ ಮೀನಿನ ವಿಷಯದಲ್ಲಿ ಸುಮ್ನೆ ಕಾಯಬಾರದು. ನನ್ನ ಹತ್ತಿರ ಎರಡು ಕಾಪರ್‌ಬ್ಯಾಂಡ್ ಇದ್ದವು. ಮೊದಲನೆಯದನ್ನು "ತಾನೇ ತಿನ್ನುತ್ತೆ" ಅಂತ ಕಾದು ಹದಿನೈದು ದಿನಕ್ಕೆ ಕಳೆದುಕೊಂಡೆ. ಎರಡನೆಯದು ನಾಲ್ಕು ವರ್ಷದಿಂದ ನನ್ನ ಜೊತೆಗಿದೆ. ಅದಕ್ಕೂ ಮೊದಲ ಒಂಬತ್ತು ದಿನ ಊಟ ಇರಲಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಮೀನನ್ನು ಪಕ್ಕದಿಂದ ನೋಡುವ ಬದಲು ಎದುರಿನಿಂದ ನೋಡಿ. ಹೊಟ್ಟೆ ಒಳಗೆ ಹೋಗಿದ್ದರೂ ಬೆನ್ನು ದುಂಡಗಿದ್ದರೆ ಇನ್ನೂ ಸಮಯ ಇದೆ. ಕಣ್ಣಿನ ಮೇಲ್ಭಾಗ, ಬೆನ್ನು ಕತ್ತಿಯ ಹಾಗೆ ಚೂಪಾಗಿದ್ದರೆ ಮೈಮಾಂಸ ಕರಗುತ್ತಿದೆ ಅಂತ ಅರ್ಥ, ಆಗ ಇವತ್ತೇ ಶುರು ಮಾಡಬೇಕು.

ಆಮೇಲೆ ಉಸಿರು ಎಣಿಸಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಕಿವಿರು ಎಷ್ಟು ಸಲ ಬಡಿಯುತ್ತದೆ ನೋಡಿ. ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ಸುಮ್ಮನೆ ನಿಂತಿರುವ ಮೀನಿನ ಉಸಿರು 100 ದಾಟಿದರೆ ಊಟದ ಚಿಂತೆ ಪಕ್ಕಕ್ಕಿಟ್ಟು ರೋಗ ಹುಡುಕುತ್ತೇನೆ. ಬಂಡೆಗೆ ಮೈ ಉಜ್ಜುವುದು, ಮೈ ಮೇಲೆ ರವೆಯಂಥ ಬಿಳಿ ಚುಕ್ಕೆ, ಪಂಪಿನ ಹರಿವಿಗೆ ಮುಖ ಕೊಟ್ಟು ನಿಲ್ಲುವುದು, ಬಿಳಿ ದಾರದಂಥ ಹಿಕ್ಕೆ, ಇದರಲ್ಲಿ ಯಾವುದಾದರೂ ಇದೆಯಾ? ಇದ್ದರೆ ತಿಳಿಸಿ, ಅದರ ದಾರಿ ಬೇರೆ.

ಇದ್ಯಾವುದೂ ಇಲ್ಲ ಅಂದುಕೊಂಡು ಮುಂದಿನದು ಹೇಳುತ್ತೇನೆ.

ನೀವು ಬರೆದದ್ದರಲ್ಲಿ ಒಂದು ಮಾತು ನನಗೆ ಸಮಾಧಾನ ಕೊಟ್ಟಿತು. "ಹತ್ತಿರ ಬರುತ್ತದೆ, ನೋಡುತ್ತದೆ" ಅಂದಿರಿ. ಅಂದರೆ ಅದಕ್ಕೆ ಹಸಿವಿದೆ. ನೀವು ಹಾಕಿದ್ದು ಊಟ ಅಂತ ಅದಕ್ಕೆ ಗೊತ್ತಾಗುತ್ತಿಲ್ಲ. ಅಂಗಡಿಗೆ ಬರುವ ಕಾಪರ್‌ಬ್ಯಾಂಡ್‌ಗಳು ಸಾಮಾನ್ಯವಾಗಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆಯ ಕಡಲಿನಲ್ಲಿ ಹಿಡಿದವು. ಅಲ್ಲಿ ಅವು ಬಂಡೆ ಸಂದಿಗೆ ಆ ಉದ್ದ ಮೂತಿ ತೂರಿಸಿ ಹುಳ, ಸಣ್ಣ ಸಿಗಡಿ, ಚಿಪ್ಪಿನ ಮಾಂಸ ಕಿತ್ತು ತಿನ್ನುತ್ತವೆ. ನೀರಿನಲ್ಲಿ ತೇಲಿ ಬರುವ ಕಂದು ಉಂಡೆ ಅವು ಹುಟ್ಟಿದಾಗಿನಿಂದ ನೋಡಿದ್ದಲ್ಲ. ಹಾಗಾಗಿ ಅದಕ್ಕೆ ಗೊತ್ತಿರುವ ಊಟವನ್ನು, ಅದಕ್ಕೆ ಗೊತ್ತಿರುವ ಜಾಗದಲ್ಲಿ ಕೊಡಬೇಕು.

ನನಗೆ ಕೈ ಹಿಡಿದದ್ದು ಮರುವಾಯಿ, ಅಂದರೆ ನಮ್ಮ ಕಡೆ ತಿನ್ನುವ ಚಿಪ್ಪುಮೀನು. ಮನೆಯಲ್ಲಿ ಪುಂಡಿ ಮಾಡಲು ತಂದಿದ್ದ ಮರುವಾಯಿಯಲ್ಲೇ ನಾಲ್ಕು ತೆಗೆದಿಟ್ಟೆ. ಚೆನ್ನಾಗಿ ತೊಳೆದು ಫ್ರೀಜರಿನಲ್ಲಿ ಮೂರು ದಿನ ಇಟ್ಟೆ. ಹಸಿಯಾಗಿಯೇ ಹಾಕಿದರೆ ಕಡಲಿನ ಪರೋಪಜೀವಿಗಳೂ ಜೊತೆಗೆ ಬರಬಹುದು, ಫ್ರೀಜ್ ಮಾಡಿದರೆ ಆ ಭಯ ಕಡಿಮೆ. ಬೇಯಿಸಬಾರದು, ಉಪ್ಪು ಅರಿಶಿನ ಮುಟ್ಟಿಸಬಾರದು. ಕರಗಿದ ಮೇಲೆ ಚೂರಿಯಿಂದ ಬಾಯಿ ಬಿಡಿಸಿ, ಒಂದು ಕಡೆಯ ಚಿಪ್ಪು ತೆಗೆದು, ಮಾಂಸ ಇರುವ ಅರ್ಧವನ್ನು ಅದು ಅಡಗಿಕೊಳ್ಳುವ ಬಂಡೆಯ ಬುಡದಲ್ಲೇ ಸಿಕ್ಕಿಸಿದೆ. ಆಮೇಲೆ ಟ್ಯಾಂಕಿನ ದೀಪ ಆರಿಸಿ ದೂರ ಕುಳಿತೆ.

ಮೊದಲ ದಿನ ಕ್ಲೌನ್‌ಗಳೇ ಎಲ್ಲ ಮುಗಿಸಿದವು. ಎರಡನೇ ದಿನವೂ ಹಾಗೇ. ಮೂರನೇ ದಿನ ಕಾಪರ್‌ಬ್ಯಾಂಡ್ ನಿಧಾನಕ್ಕೆ ಬಂತು. ಚಿಪ್ಪಿನ ಮೇಲೆ ತಲೆಕೆಳಗಾಗಿ ನಿಂತು ಮೊದಲು ಒಂದು ಕಣ್ಣಿನಿಂದ ನೋಡಿತು, ಮೈ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಬೆನ್ನಿನ ಮುಳ್ಳುಗಳು ನೆಟ್ಟಗೆ ನಿಂತವು. ಆಮೇಲೆ ಟಕ್ ಅಂತ ಒಂದು ಕುಕ್ಕು, ಹಿಂದೆ ಸರಿಯಿತು. ಮತ್ತೆ ಬಂದು ಮೂರು ಕುಕ್ಕು. ಮೂತಿಯ ತುದಿಯಲ್ಲಿ ನೂಲಿನ ಎಳೆಯಷ್ಟು ಮಾಂಸ ಇತ್ತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ನಿಜವಾಗಿ ಕಣ್ಣಲ್ಲಿ ನೀರು ಬಂತು.

ಚಿಪ್ಪನ್ನು ಎರಡು ಗಂಟೆಗಿಂತ ಜಾಸ್ತಿ ಒಳಗೆ ಬಿಡಬೇಡಿ. ಕೊಳೆತರೆ ಅಮೋನಿಯಾ ಏರುತ್ತದೆ, ಆಗ ಎಲ್ಲ ಮೀನಿಗೂ ತೊಂದರೆ.

ಒಂದು ವಾರ ಬರೀ ಮರುವಾಯಿ ಕೊಟ್ಟೆ. ಎರಡನೇ ವಾರ ತಿಂದು ಖಾಲಿಯಾದ ಚಿಪ್ಪಿನಲ್ಲೇ ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಮತ್ತು ತೀರಾ ಸಣ್ಣಗೆ ಹೆಚ್ಚಿದ ಮರುವಾಯಿ ಕಲಸಿ ಒತ್ತಿಟ್ಟೆ. ಚಿಪ್ಪು ಕಂಡರೆ ಊಟ ಅಂತ ಅದಕ್ಕೆ ಅಷ್ಟರಲ್ಲಿ ಗೊತ್ತಾಗಿತ್ತು. ದಿನ ದಿನಕ್ಕೂ ಮರುವಾಯಿ ಕಡಿಮೆ, ಮೈಸಿಸ್ ಜಾಸ್ತಿ. ಚಿಪ್ಪಿನಿಂದ ಹಾರಿದ ಮೈಸಿಸ್ಸನ್ನು ಅಟ್ಟಿಸಿಕೊಂಡು ಹೋಗಿ ತಿಂದ ದಿನ ಗೆದ್ದೆ ಅನ್ನಿಸಿತು. ಇವತ್ತಿಗೂ ಪೆಲೆಟ್ ಮುಟ್ಟುವುದಿಲ್ಲ. ಪರವಾಗಿಲ್ಲ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಮೈಸಿಸ್ ಕೊಡುತ್ತೇನೆ. ಸಣ್ಣ ಬಾಯಿ, ಇಡೀ ದಿನ ಕುಕ್ಕುವ ಅಭ್ಯಾಸ. ಒಂದೇ ಹೊತ್ತಿಗೆ ರಾಶಿ ಹಾಕಿದರೆ ಅದಕ್ಕೆ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ ನಿಮ್ಮ ಡ್ಯಾಮ್ಸೆಲ್. ನೀಲಿ ಡ್ಯಾಮ್ಸೆಲ್ ಇರುವ ಟ್ಯಾಂಕಿನಲ್ಲಿ ಹೊಸ ಮೀನು ಬಂಡೆ ಹಿಂದೆ ಅಡಗಿದೆ ಅಂದರೆ ನನಗೆ ಮೊದಲ ಅನುಮಾನ ಅದರ ಮೇಲೇ. ನೀವು ಎದುರಿಗಿದ್ದಾಗ ಅದು ಊಟಕ್ಕೆ ನಿಮ್ಮ ಕಡೆ ಬರುತ್ತದೆ, ಅಟ್ಟಿಸುವುದು ಕಾಣುವುದಿಲ್ಲ. ಮೊಬೈಲನ್ನು ಟ್ಯಾಂಕಿನ ಮುಂದೆ ಇಟ್ಟು ಅರ್ಧ ಗಂಟೆ ವಿಡಿಯೋ ಮಾಡಿ ನೋಡಿ.

ಬೆಂಗಳೂರಿನಿಂದ

ವಿಡಿಯೋ ಮಾತು ನೂರಕ್ಕೆ ನೂರು ನಿಜ. ನಾನೂ ಹಾಗೇ ಕಂಡುಹಿಡಿದದ್ದು. ಡ್ಯಾಮ್ಸೆಲ್ ಹಿಡಿಯಲು ಬಲೆ ಹಿಡಿದು ಓಡಾಡಬೇಡಿ ಸರ್, ಬಂಡೆ ಎಲ್ಲ ಕದಡಿ ಹೊಸ ಮೀನು ಇನ್ನೂ ಹೆದರುತ್ತದೆ. ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಊಟ ಇಟ್ಟು ಟ್ಯಾಂಕಿನಲ್ಲಿ ಇಳಿಬಿಡಿ. ಆಸೆಬುರುಕ ಮೀನು ತಾನೇ ಒಳಗೆ ಹೋಗುತ್ತದೆ. ಅದೇ ಡಬ್ಬಿಯಲ್ಲಿ ಒಂದು ವಾರ ಇಡಿ. ಹೊರಗೆ ಬರುವಷ್ಟರಲ್ಲಿ ಕಾಪರ್‌ಬ್ಯಾಂಡ್ ತನ್ನ ಜಾಗ ಮಾಡಿಕೊಂಡಿರುತ್ತದೆ.

ನನ್ನ ಅನುಭವ ಕ್ಲೌನ್ ಮೀನಿನದು, ನೋವಿನದೂ ಹೌದು. ಕಡಲಿನಿಂದ ಹಿಡಿದ ಒಂದು ಜೋಡಿ ತಂದಿದ್ದೆ. ಎರಡನೇ ದಿನ ಊಟ ಬಿಟ್ಟವು. ನಾನು ಬೆಳ್ಳುಳ್ಳಿ ರಸ, ವಿಟಮಿನ್, ಹೊಸ ಹೊಸ ಫುಡ್ ಅಂತ ಎರಡು ದಿನ ಕಳೆದೆ. ನಾಲ್ಕನೇ ದಿನ ಮೈ ಮೇಲಿನ ಲೋಳೆ ಬಿಳಿ ಪೊರೆಯ ಹಾಗೆ ಕಿತ್ತು ಬರುತ್ತಿತ್ತು, ಉಸಿರು ಓಡುತ್ತಿತ್ತು. ಅದು ಬ್ರೂಕ್ಲಿನೆಲ್ಲಾ ಅನ್ನುವ ಪರೋಪಜೀವಿ. ಕ್ಲೌನ್‌ಗಳಿಗೆ ಜಾಸ್ತಿ ಬರುತ್ತದೆ, ಕೆಲವೇ ದಿನದಲ್ಲಿ ಕೊಲ್ಲುತ್ತದೆ. ಫಾರ್ಮಲಿನ್ ಚಿಕಿತ್ಸೆ ಇದೆ, ಆದರೆ ಅದು ವಿಷ, ಗೊತ್ತಿರುವವರ ಜೊತೆ ನಿಂತೇ ಮಾಡಬೇಕು. ನನಗೆ ತಿಳಿಯುವಷ್ಟರಲ್ಲಿ ಎರಡೂ ಹೋದವು. ಊಟ ಬಿಟ್ಟದ್ದೇ ರೋಗದ ಮೊದಲ ಗುರುತಾಗಿತ್ತು, ನಾನು ಅದನ್ನು ಹಟ ಅಂದುಕೊಂಡೆ.

ಈಗ ಮರಿಮನೆಯಲ್ಲಿ ಹುಟ್ಟಿದ ಕ್ಲೌನ್ ಮಾತ್ರ ತರುತ್ತೇನೆ. ನಮ್ಮ ದೇಶದಲ್ಲೇ ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ಸಿಎಂಎಫ್‌ಆರ್‌ಐ, ಅಂದರೆ ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಅಂಥ ಮೀನು ಚಿಕ್ಕಂದಿನಿಂದಲೇ ಪೆಲೆಟ್ ತಿಂದು ಬೆಳೆದಿರುತ್ತದೆ, ಈ ಪಾಡೇ ಇರುವುದಿಲ್ಲ.

ಬೆಳ್ಳುಳ್ಳಿ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ವಾಸನೆಗೆ ಕೆಲವು ಮೀನು ಬರುತ್ತವೆ, ಅಷ್ಟಕ್ಕೆ ಬಳಸಿ. ರೋಗ ವಾಸಿಯಾಗುತ್ತೆ ಅಂತ ನಂಬಿ ದಿನ ಕಳೆಯಬೇಡಿ.

ಅಲುಗಾಡುವ ಊಟ ಕಂಡರೆ ಬಾಯಿ ಬಿಡದ ಮೀನು ಕಡಿಮೆ. ಬ್ರೈನ್ ಶ್ರಿಂಪ್ ಮೊಟ್ಟೆ ಮನೆಯಲ್ಲೇ ಮರಿ ಮಾಡಬಹುದು. ಒಂದು ಲೀಟರ್ ಬಾಟಲಿಯ ಬುಡ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಲೀಟರಿಗೆ 25 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಕಾಲು ಚಮಚ ಮೊಟ್ಟೆ, ತಳದಿಂದ ಜೋರಾಗಿ ಗಾಳಿ, ಮೇಲೆ ಒಂದು ದೀಪ. ನೀರು 26ರಿಂದ 28 ಡಿಗ್ರಿ ಇದ್ದರೆ 24 ಗಂಟೆಗೆ ಕಿತ್ತಳೆ ಬಣ್ಣದ ಮರಿಗಳು ಬರುತ್ತವೆ. ಗಾಳಿ ನಿಲ್ಲಿಸಿ ತಳದ ಹತ್ತಿರ ಟಾರ್ಚ್ ಹಿಡಿದರೆ ಅಲ್ಲಿಗೇ ಬಂದು ಸೇರುತ್ತವೆ, ಸಣ್ಣ ಪೈಪಿನಲ್ಲಿ ಎಳೆದು ಬಟ್ಟೆಯಲ್ಲಿ ಸೋಸಿ. ಒಡೆದ ಮೊಟ್ಟೆಯ ಚಿಪ್ಪು ಮೇಲೆ ತೇಲುತ್ತಿರುತ್ತದೆ, ಅದು ಟ್ಯಾಂಕಿಗೆ ಹೋಗಬಾರದು. ಹುಟ್ಟಿದ ಕೆಲವೇ ಗಂಟೆಯಲ್ಲಿ ಕೊಡಿ, ತಡ ಮಾಡಿದರೆ ಮೈಯೊಳಗಿನ ಸತ್ವ ಅವೇ ಖರ್ಚು ಮಾಡಿಕೊಂಡಿರುತ್ತವೆ. ಕಾಪರ್‌ಬ್ಯಾಂಡ್‌ಗೆ ಇದು ಹೊಟ್ಟೆ ತುಂಬುವ ಊಟ ಅಲ್ಲ, ಬಾಯಿ ತೆರೆಸುವ ಊಟ.

ಬೆಂಗಳೂರಿನ ಇನ್ನೊಬ್ಬರು

ಚಿಕ್ಕದಾಗಿ ಹೇಳುತ್ತೇನೆ. 1.025 ಅಂತ ಯಾವುದರಲ್ಲಿ ಅಳೆದಿರಿ? ಮುಳ್ಳು ಓಲಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಆದರೆ ನಂಬಬೇಡಿ. ನನ್ನದರಲ್ಲಿ 1.025 ತೋರಿಸುತ್ತಿದ್ದಾಗ ನಿಜವಾಗಿ 1.030 ಇತ್ತು. ಎರಡು ವರ್ಷ ಚೆನ್ನಾಗಿ ತಿನ್ನುತ್ತಿದ್ದ ಗೋಬಿ ಮೀನು ಊಟ ಬಿಟ್ಟ ಮೇಲೆ ಸ್ನೇಹಿತರ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ನೀರಿನ ಉಪ್ಪು ಅಳೆಯುವ ಸಾಧನ) ತಂದು ನೋಡಿದೆ. ಮುಳ್ಳಿನ ಮೇಲೆ ಉಪ್ಪು ಕಟ್ಟಿಕೊಂಡಿತ್ತು. ನಾಲ್ಕು ದಿನ ಸ್ವಲ್ಪ ಸ್ವಲ್ಪ ಆರ್‌ಒ ನೀರು ಸೇರಿಸಿ ಇಳಿಸಿದೆ, ಐದನೇ ದಿನ ತಿಂದಿತು. ರಿಫ್ರಾಕ್ಟೋಮೀಟರನ್ನೂ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಆಗಾಗ ಸರಿ ಮಾಡಿಕೊಳ್ಳಬೇಕು.

ದುಬೈನಿಂದ

ನಾನು ಕುಂದಾಪುರದವನು, ಇಲ್ಲಿ ಟ್ಯಾಂಗ್ ಮೀನುಗಳನ್ನು ಸಾಕಿದ್ದೇನೆ. ನಿಮ್ಮ ಮೀನಿಗೆ ನೇರ ಸಂಬಂಧ ಇಲ್ಲ, ಮುಂದೆ ಓದುವವರಿಗೆ ಅಂತ ಬರೆಯುತ್ತಿದ್ದೇನೆ. ಟ್ಯಾಂಗ್‌ಗಳು ಪಾಚಿ ಮೇಯುವ ಮೀನು. ಸುಶಿಗೆ ಬಳಸುವ ನೋರಿ ಹಾಳೆ (ಒಣಗಿಸಿದ ಕಡಲ ಪಾಚಿ), ಉಪ್ಪು ಎಣ್ಣೆ ಇಲ್ಲದ್ದು, ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸಬಹುದು. ನನ್ನ ಹಳದಿ ಟ್ಯಾಂಗ್ ಐದು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ನೋರಿ ಕಟ್ಟಿ ತಳದಲ್ಲಿಟ್ಟೆ. ಒಂದೇ ಗಂಟೆಯಲ್ಲಿ ಮೇಯುತ್ತಿತ್ತು. ಮಂಗಳೂರಿನ ಅಕ್ಕ ಹೇಳಿದ ಚಿಪ್ಪಿನ ಮಾತೂ ಇದೇ, ಅಲ್ವಾ? ಕಡಲಿನಲ್ಲಿ ಅದು ಎಲ್ಲಿ ತಿನ್ನುತ್ತಿತ್ತೋ ಅಲ್ಲೇ ಇಡಬೇಕು.

ಒಂದು ಎಚ್ಚರಿಕೆ. ಚುಕ್ಕೆ ಕಂಡಿತು ಅಂತ ಗಾಬರಿಯಲ್ಲಿ ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಸುರಿಯಬೇಡಿ. ಹವಳ, ಸಿಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಬೇರೆ ತೊಟ್ಟಿಯಲ್ಲಿ ಮಾತ್ರ.

ಮೈಸೂರಿನಿಂದ, ಐದು ದಿನದ ನಂತರ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಉಸಿರು ಎಣಿಸಿದೆ, 72 ಬಂತು. ಚುಕ್ಕೆ, ದಾರದ ಹಿಕ್ಕೆ ಏನೂ ಇಲ್ಲ. ಎದುರಿನಿಂದ ನೋಡಿದೆ, ಬೆನ್ನು ಇನ್ನೂ ದುಂಡಗೇ ಇದೆ. ವಿಡಿಯೋದಲ್ಲಿ ಡ್ಯಾಮ್ಸೆಲ್ ಸಿಕ್ಕಿಬಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಅಟ್ಟಿಸಿತ್ತು, ಎಲ್ಲವೂ ಆ ಬಂಡೆಯ ಹತ್ತಿರವೇ. ಈಗ ಡಬ್ಬಿಯಲ್ಲಿದೆ. ಹೈಡ್ರೋಮೀಟರ್ ಪ್ಲಾಸ್ಟಿಕ್‌ನದೇ ಆಗಿತ್ತು, ರಿಫ್ರಾಕ್ಟೋಮೀಟರ್‌ನಲ್ಲಿ 1.027 ಬಂತು, ಮೆಲ್ಲಗೆ ಇಳಿಸುತ್ತಿದ್ದೇನೆ.

ಇಲ್ಲಿ ಮರುವಾಯಿ ಸಿಗಲಿಲ್ಲ. ಮಂಗಳೂರಿನಲ್ಲಿರುವ ನನ್ನ ಭಾವ ಐಸ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಕೊಟ್ಟರು. ಹೇಗೂ ಫ್ರೀಜ್ ಮಾಡಿಯೇ ಇಟ್ಟಿದ್ದರಂತೆ. ನಿನ್ನೆ ಸಂಜೆ ಮೊದಲ ಚಿಪ್ಪು ಇಟ್ಟೆ. ಕ್ಲೌನ್‌ಗಳು ತಿಂದವು, ಅದು ದೂರ ನಿಂತು ನೋಡಿತು. ಇವತ್ತು ಬೆಳಿಗ್ಗೆ ಎರಡು ಚಿಪ್ಪು ಇಟ್ಟೆ, ಒಂದು ಕ್ಲೌನ್‌ಗಳ ಕಡೆ, ಒಂದು ಬಂಡೆ ಬುಡದಲ್ಲಿ. ಮಗಳು ಸ್ಕೂಲ್ ಯೂನಿಫಾರಂನಲ್ಲೇ ನೆಲದ ಮೇಲೆ ಕೂತು ನೋಡುತ್ತಿದ್ದಳು. "ಅಪ್ಪಾ, ಕುಕ್ಕಿತು" ಅಂದಳು. ಎರಡು ಸಲ ಕುಕ್ಕಿದೆ, ನಾನೂ ನೋಡಿದೆ. ನುಂಗಿತೋ ಉಗುಳಿತೋ ಗೊತ್ತಾಗಲಿಲ್ಲ.

ಮಂಗಳೂರಿನ ಮೇಡಂ, ಒಂದು ಪ್ರಶ್ನೆ ಉಳಿದಿದೆ. ಸಂಜೆಗೂ ಒಂದು ಚಿಪ್ಪು ಇಡಲಾ, ಇಲ್ಲ ನಾಳೆವರೆಗೂ ಬಿಡಲಾ?

ಮಂಗಳೂರಿನಿಂದ

ಇವತ್ತೇ ಇಡಿ ಸರ್. ಅದೇ ಜಾಗದಲ್ಲಿ, ಅದೇ ಹೊತ್ತಿಗೆ ದಿನಾ ಇಡಿ. ಎರಡು ಗಂಟೆ ಆದ ಮೇಲೆ ತೆಗೆಯುವುದು ಮರೆಯಬೇಡಿ. ನುಂಗಿತೋ ಇಲ್ಲವೋ ಅನ್ನುವುದನ್ನು ಹಿಕ್ಕೆ ಹೇಳುತ್ತದೆ. ನಾಳೆ ಬೆಳಿಗ್ಗೆ ದೀಪ ಹಾಕುವ ಮೊದಲು ಟಾರ್ಚ್ ಬಿಟ್ಟು ಬಂಡೆ ಬುಡದಲ್ಲಿ ನೋಡಿ. ಕಂದು ಬಣ್ಣದ್ದು ಕಂಡರೆ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.