ಇಟ್ಟಿಗೆ ಗೂಡಿನ ಮುಂಗಡ: ಇದೂ ಮಾನವ ಕಳ್ಳಸಾಗಣೆನಾ?

ಪ್ರಶ್ನೆ: ಮೇಡಂ, ನಮ್ಮ ತೋಟದ ಪಕ್ಕ ಒಂದು ಇಟ್ಟಿಗೆ ಗೂಡಿದೆ. ಒಡಿಶಾದ ಏಳೆಂಟು ಸಂಸಾರ ಅಲ್ಲೇ ಶೆಡ್ಡಿನಲ್ಲಿವೆ. ಭಾನುವಾರ ಸಂತೆಗೆ ಗಂಡಸರು ಮಾತ್ರ ಬರುತ್ತಾರೆ, ಬೆನ್ನಿಗೆ ಮೇಸ್ತ್ರಿ ಬೈಕಲ್ಲಿ. ಹೆಂಡತಿ, ಮಕ್ಕಳು ಗೂಡಿನಲ್ಲೇ. ಒಬ್ಬನನ್ನು ಮಾತಾಡಿಸಿದೆ. ಮುಂಗಡ 35 ಸಾವಿರ ಅಂತೆ, ಆಧಾರ್ ಕಾರ್ಡು ಮಾಲೀಕನ ಹತ್ತಿರ ಅಂತೆ. ಆದರೆ ಗೇಟಿಗೆ ಬೀಗ ಇಲ್ಲ, ಹೊಡೆದದ್ದೂ ನೋಡಿಲ್ಲ. ದುಡ್ಡು ತಗೊಂಡ ಮೇಲೆ ತೀರಿಸಬೇಕಲ್ವಾ?

ಉತ್ತರ (ವಕೀಲೆ): ಬೀಗ ಯಾಕೆ ಬೇಕು, ಹೆಂಡತಿ ಮಕ್ಕಳೇ ಒತ್ತೆ ಇದ್ದಾರಲ್ಲ! ಮುಂಗಡ ಕೊಟ್ಟು, ಬಿಟ್ಟು ಹೋಗದ ಹಾಗೆ ಕಟ್ಟಿಹಾಕಿ ದುಡಿಸಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ ಸಾಲವೇ ಇಲ್ಲ. ವಸೂಲಿ ಮಾಡಿದರೆ ಮಾಲೀಕನಿಗೇ ಮೂರು ವರ್ಷದವರೆಗೆ ಜೈಲು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಜೀತಕ್ಕಿಡಲು ಸುಳ್ಳು ಹೇಳಿ, ಆಸೆ ತೋರಿಸಿ ಕರೆತಂದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಬರುತ್ತದೆ, ಅಂದರೆ ಕಳ್ಳಸಾಗಣೆ. ಆಗ ‘ಅವರೇ ಒಪ್ಪಿ ಬಂದರು’ ಅನ್ನುವ ಮಾತು ನಡೆಯುವುದಿಲ್ಲ.

ಪ್ರಶ್ನೆ: ಹಾಗಾದರೆ ಮಾಲೀಕನನ್ನೇ ಒಂದು ಮಾತು ಕೇಳಲಾ? ಪರಿಚಯದವರೇ.

ಉತ್ತರ: ದಯವಿಟ್ಟು ಬೇಡ. ರಾತ್ರೋರಾತ್ರಿ ಲಾರಿ ಹತ್ತಿಸಿ ಬೇರೆ ಗೂಡಿಗೆ ಸಾಗಿಸಿಬಿಡುತ್ತಾರೆ. ನೇರ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಅಥವಾ ಡಿಸಿಗೆ (ಜಿಲ್ಲಾಧಿಕಾರಿ) ಬರೆದು ಕೊಡಿ. ಮಕ್ಕಳು ಇಟ್ಟಿಗೆ ತಿರುವುತ್ತಾ ಇದ್ದರೆ 1098ಕ್ಕೂ ಫೋನ್ ಮಾಡಿ. ಹತ್ತಿರದ ಠಾಣೆಗೆ ಹೋಗಲು ಅಳುಕಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ತಮ್ಮ ವ್ಯಾಪ್ತಿಯದ್ದಲ್ಲದಿದ್ದರೂ ಅವರು ಝೀರೋ ಎಫ್‌ಐಆರ್ ಮಾಡಲೇಬೇಕು.

ಅಧಿಕಾರಿಗಳು ಗೂಡಿಗೆ ದಾಳಿ ಮಾಡುವ ದಿನ ಕೆಲಸ ಕೆಡುವುದು ಒಂದೇ ಕಡೆ. ಮಾಲೀಕ ಎದುರಿಗೆ ನಿಂತಿರುವಾಗ ‘ಏನಮ್ಮಾ, ಚೆನ್ನಾಗಿದೀರಾ?’ ಎಂದು ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಒಬ್ಬೊಬ್ಬರನ್ನೇ ಬೇರೆ ಕೂರಿಸಿ, ಒಡಿಯಾ ಬಲ್ಲವರಿಂದ ಕೇಳಿಸಬೇಕು. ಇದನ್ನು ಅರ್ಜಿಯಲ್ಲೇ ಬರೆಯಿರಿ.

ಪ್ರಶ್ನೆ (ಇನ್ನೊಬ್ಬರು): ಬಿಡಿಸಿದ ಮೇಲೆ ಊರಿಗೆ ಕಳಿಸಿದರೆ ಮುಗೀತಾ?

ಉತ್ತರ: ಸುಮ್ನೆ ರೈಲು ಹತ್ತಿಸಿದರೆ ಮುಂದಿನ ಸೀಸನ್ನಿಗೆ ಅದೇ ಏಜೆಂಟ್ ಅವರ ಬಾಗಿಲಲ್ಲಿ ನಿಂತಿರುತ್ತಾನೆ. ಎಸಿ ಕೊಡುವ ಬಿಡುಗಡೆ ಪತ್ರ ಕೈಗೆ ಬರಬೇಕು. ಸಾಲ ತೀರಿದೆ ಎನ್ನಲು ಅದೇ ದಾಖಲೆ. ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ, ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಬಾಕಿ ಕೂಲಿ ಬೇರೆ. ಇವರಿಗೆ ಉಚಿತವಾಗಿ ವಕೀಲರೂ ಸಿಗುತ್ತಾರೆ, ಸಹಾಯವಾಣಿ 15100.

ಪ್ರಶ್ನೆ: ಅರ್ಜಿಯಲ್ಲಿ ‘ಜೀತ’ ಅಂತಲೇ ಬರೆಯಲಾ ಮೇಡಂ?

ಉತ್ತರ: ತೀರ್ಮಾನ ಅಧಿಕಾರಿಗಳಿಗೆ ಬಿಡಿ. ಕಂಡದ್ದನ್ನು ಬರೆಯಿರಿ: ಎಷ್ಟು ಸಂಸಾರ, ಶೆಡ್ ಎಲ್ಲಿದೆ, ಸಂತೆಗೆ ಯಾರು ಬರುತ್ತಾರೆ, ಆಧಾರ್ ಯಾರ ಹತ್ತಿರ ಇದೆ. ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸೀಲು ಹಾಕಿಸಿಕೊಂಡೇ ಆಫೀಸಿನಿಂದ ಹೊರಡಿ.