ಸಹಾಯ ಬೇಕು: ದಾವಣಗೆರೆಯಲ್ಲಿ ಕೇಸ್ ಚರ್ಚೆ ಮಾಡಿ ಕಲಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಕೌನ್ಸೆಲಿಂಗ್ ಓದುತ್ತಿದ್ದೇನೆ. ಮಾನಸಿಕ ಕಾಯಿಲೆ ಗುರುತಿಸುವುದು, ಚಿಕಿತ್ಸೆಯ ಯೋಜನೆ ಬರೆಯುವುದು, ಎರಡಕ್ಕೂ ಅನುಭವಸ್ಥರ ಮಾರ್ಗದರ್ಶನ ಬೇಕು.

ಐಸಿಡಿ-11 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ) ಓದಿದ್ದೇನೆ. ಖಿನ್ನತೆ ಅನ್ನಲು ಕನಿಷ್ಠ 2 ವಾರ, ಬಹುತೇಕ ಪ್ರತಿದಿನ, ದಿನದ ಹೆಚ್ಚು ಹೊತ್ತು ಬೇಸರ ಅಥವಾ ನಿರಾಸಕ್ತಿ ಇರಬೇಕು. ಜೊತೆಗೆ ಬೇರೆ ಲಕ್ಷಣಗಳೂ ಬೇಕು. ಆದರೆ ನಮ್ಮ ಕಡೆ ಬೇಸರ ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಎದೆ ಉರಿ, ತಲೆಭಾರ, ಕೈಕಾಲು ಸೋಲುತ್ತೆ, ನಿದ್ದೆ ಇಲ್ಲ ಅಂತಾರೆ. ಥೈರಾಯ್ಡ್, ರಕ್ತಹೀನತೆ ಇದ್ದರೂ ಸುಸ್ತು ಇರುತ್ತದೆ. ಮಳೆ ಕೈಕೊಟ್ಟು ಮೆಕ್ಕೆಜೋಳ ಕಳೆದುಕೊಂಡ ರೈತ ನಿದ್ದೆಗೆಟ್ಟರೆ ಅದು ಸಹಜ ಸಂಕಟವಾ, ಹೊಂದಾಣಿಕೆಯ ತೊಂದರೆಯಾ (ಬಂದ ಕಷ್ಟಕ್ಕೆ ಮನಸ್ಸು ಹೊಂದಿಕೊಳ್ಳಲಾಗದೆ ಆಗುವ ಕಾಯಿಲೆ), ಖಿನ್ನತೆಯಾ? ಗೆರೆ ಎಲ್ಲಿ ಎಳೆಯುತ್ತೀರಿ?

ಇನ್ನೊಂದು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ ವಿಪರೀತ ಹುರುಪು ಬಂದಿತ್ತಾ ಅಂತ ಕೇಳಲೇಬೇಕು. ಬೈಪೋಲಾರ್ (ವಿಪರೀತ ಹುರುಪು, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಇದ್ದರೆ ಚಿಕಿತ್ಸೆಯೇ ಬೇರೆ. ಮನೆಯವರು ಪಕ್ಕದಲ್ಲೇ ಕೂತಿರುವಾಗ ಇದನ್ನು, ಸಾಯುವ ಯೋಚನೆ ಬರುತ್ತಾ ಅನ್ನುವುದನ್ನು, ಹೇಗೆ ಕೇಳುತ್ತೀರಿ? ಇದೇ ನನಗೆ ಅತಿ ಮುಖ್ಯ ಪ್ರಶ್ನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡುತ್ತೇನೆ, ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗುವುದಿಲ್ಲ.

ಚಿಕಿತ್ಸೆಯ ಯೋಜನೆಯಲ್ಲಿ ಸುಮ್ನೆ ‘ಖಿನ್ನತೆ ಕಡಿಮೆ ಮಾಡುವುದು’ ಅಂತ ಬರೆದರೆ ಸಾಲದು ಅಲ್ವಾ? ಪಿಎಚ್‌ಕ್ಯೂ-9 (ಖಿನ್ನತೆ ಎಷ್ಟಿದೆ ಅಂತ ಅಳೆಯುವ 9 ಪ್ರಶ್ನೆಗಳ ಪಟ್ಟಿ) ಅಂಕ ನೋಡಿಕೊಂಡು ಗುರಿ ಬದಲಿಸುವವರು ಒಂದು ಮಾದರಿ ತೋರಿಸಿ.

ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾನುವಾರ ಸ್ವಲ್ಪ ಸಮಯ ಕೊಟ್ಟರೂ ಸಾಕು. ಹರಿಹರ, ಚಿತ್ರದುರ್ಗಕ್ಕೂ ಬರುತ್ತೇನೆ. ಕೇಸ್ ಹಂಚಿಕೊಳ್ಳುವಾಗ ಹೆಸರು, ಊರು ದಯವಿಟ್ಟು ಹಾಕಬೇಡಿ.